ಫ್ಯೂಜಿ ಪರ್ವತ ಏರುವ ಆಸೆಯೇ? ಅಗ್ಗದ ಹಾಸ್ಟೆಲ್ ಬುಕ್ ಮಾಡುವ ಮುನ್ನ ಇದನ್ನು ಓದಿ

ಜಪಾನ್‌ಗೆ ಹೋದವರೆಲ್ಲ ಫ್ಯೂಜಿ ಪರ್ವತದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ತುದಿ ಮುಟ್ಟಿ ಬರುವವರು ಕಡಿಮೆ. 3,776 ಮೀಟರ್ ಎತ್ತರದ ಈ ಜ್ವಾಲಾಮುಖಿಯನ್ನು ಹತ್ತಲು ಪರ್ವತಾರೋಹಣದ ತರಬೇತಿಯೇನೂ ಬೇಕಿಲ್ಲ, ಗಟ್ಟಿ ಕಾಲು ಮತ್ತು ಸರಿಯಾದ ಯೋಜನೆ ಇದ್ದರೆ ಸಾಕು. ಯೋಜನೆ ತಪ್ಪುವುದು ಹೆಚ್ಚಾಗಿ ಒಂದೇ ಪ್ರಶ್ನೆಯಲ್ಲಿ: ರಾತ್ರಿ ಎಲ್ಲಿ ಮಲಗುವುದು?

ಬಜೆಟ್ ಪ್ರವಾಸಿಗರಿಗೆ ಇದಕ್ಕೆ ಸಿಗುವ ಉತ್ತರ ಕವಾಗುಚಿಕೊ ಮತ್ತು ಫ್ಯೂಜಿಯೋಶಿದಾ. ಪರ್ವತದ ಉತ್ತರ ಬುಡದಲ್ಲಿರುವ ಅಕ್ಕಪಕ್ಕದ ಊರುಗಳಿವು. ಟೋಕಿಯೋದ ಶಿಂಜುಕುವಿನಿಂದ ಕವಾಗುಚಿಕೊಗೆ ಬಸ್ಸಿನಲ್ಲಿ ಸುಮಾರು 2 ಗಂಟೆಯ ದಾರಿ. ಇಲ್ಲಿನ ಹಾಸ್ಟೆಲ್‌ಗಳಲ್ಲಿ ಡಾರ್ಮಿಟರಿಯ ಒಂದು ಹಾಸಿಗೆಗೆ ಸಾಮಾನ್ಯವಾಗಿ 3,000ದಿಂದ 5,000 ಯೆನ್ ಆಗುತ್ತದೆ. ಒಂದು ಯೆನ್‌ಗೆ ಅರವತ್ತು ಪೈಸೆಯ ಆಸುಪಾಸು ಎಂದು ಲೆಕ್ಕ ಹಾಕಿಕೊಳ್ಳಿ. ಬೇಸಿಗೆಯ ವಾರಾಂತ್ಯಗಳಲ್ಲಿ ದರ ಇನ್ನೂ ಏರುತ್ತದೆ.

ಹಾಸ್ಟೆಲ್ ಬೇರೆ, ಬೆಟ್ಟದ ಗುಡಿಸಲು ಬೇರೆ

ಮೊದಲ ಬಾರಿ ಹೋಗುವವರು ಎಡವುವುದೇ ಇಲ್ಲಿ. ಫ್ಯೂಜಿಯ ದಾರಿಯನ್ನು ಹತ್ತು ಹಂತಗಳಾಗಿ ವಿಂಗಡಿಸಿದ್ದಾರೆ. ಬಸ್ಸು ಐದನೇ ಸ್ಟೇಷನ್‌ವರೆಗೆ ಹೋಗುತ್ತದೆ. ಜನಪ್ರಿಯವಾದ ಯೋಶಿದಾ ಮಾರ್ಗದಲ್ಲಿ ಅದರ ಎತ್ತರ ಸುಮಾರು 2,300 ಮೀಟರ್. ಅಂದರೆ ಬಸ್ಸಿನಿಂದ ಇಳಿದಾಗಲೇ ನೀವು ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿರುತ್ತೀರಿ. ಮುಂಬೈ, ಪುಣೆಯವರಿಗೆ ಗೊತ್ತಿರುವ ಕಳಸೂಬಾಯಿಯಂತೂ 1,646 ಮೀಟರ್ ಅಷ್ಟೆ.

ಕವಾಗುಚಿಕೊ ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಅಲ್ಲಿ ಎರಡು ರಾತ್ರಿ ಮಲಗಿದರೂ ದೇಹ ಮೇಲಿನ ತೆಳುಗಾಳಿಗೆ ಒಗ್ಗುವುದಿಲ್ಲ. ಹಾಗಾಗಿ ತಲೆನೋವು, ವಾಕರಿಕೆ ಯಾರನ್ನು ಬೇಕಾದರೂ ಹಿಡಿಯಬಹುದು, ಜಿಮ್‌ಗೆ ಹೋಗುವವರೂ ಇದಕ್ಕೆ ಹೊರತಲ್ಲ. ಐದನೇ ಸ್ಟೇಷನ್‌ನಲ್ಲಿ ಒಂದು ಗಂಟೆಯಾದರೂ ಸುಮ್ಮನೆ ಕುಳಿತು ನಂತರ ಹೊರಡಿ ಎನ್ನುವುದು ಈ ಕಾರಣಕ್ಕೇ.

ಇನ್ನು ತುದಿಯಲ್ಲಿ ಸೂರ್ಯೋದಯ ನೋಡುವ ಆಸೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಬೆಳಗಾಗುವುದು ನಾಲ್ಕೂವರೆಯ ಹೊತ್ತಿಗೆ. ಐದನೇ ಸ್ಟೇಷನ್‌ನಿಂದ ತುದಿಗೆ 5ರಿಂದ 7 ಗಂಟೆಯ ನಡಿಗೆ. ಊರಿನ ಹಾಸ್ಟೆಲ್‌ನಲ್ಲಿ ಮಲಗಿ ಬೆಳಗಿನ ಬಸ್ಸು ಹಿಡಿದರೆ ಇದು ಆಗದ ಮಾತು. ಅದಕ್ಕೆ ಮೊದಲು ಹಲವರು ಸಂಜೆ ಹೊರಟು, ಎಲ್ಲೂ ಮಲಗದೆ ರಾತ್ರಿಯಿಡೀ ಹತ್ತುತ್ತಿದ್ದರು. ಜಪಾನಿನಲ್ಲಿ ಇದಕ್ಕೆ 'ಗುಂಡಿನ ವೇಗದ ಆರೋಹಣ' ಎಂಬ ಅರ್ಥದ ಹೆಸರೇ ಇದೆ. ಚಳಿಗೆ ನಡುಗಿ, ದಾರಿಬದಿಯಲ್ಲೇ ಮಲಗಿ, ಕೊನೆಗೆ ರಕ್ಷಣಾ ಸಿಬ್ಬಂದಿಯನ್ನು ಕರೆಸುವವರು ಹೆಚ್ಚಾದಾಗ ಆಡಳಿತ ಬಿಗಿಯಾಯಿತು. 2024ರಲ್ಲಿ ಯೋಶಿದಾ ಮಾರ್ಗಕ್ಕೆ ಗೇಟು, 2,000 ಯೆನ್ ಶುಲ್ಕ ಮತ್ತು ದಿನಕ್ಕೆ 4,000 ಜನರ ಮಿತಿ ಬಂತು. 2025ರಿಂದ ನಾಲ್ಕೂ ಮಾರ್ಗಗಳಿಗೆ 4,000 ಯೆನ್. ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರವರೆಗೆ, ಮೇಲಿನ ಗುಡಿಸಲಿನಲ್ಲಿ ಬುಕಿಂಗ್ ಇಲ್ಲದವರಿಗೆ ಪ್ರವೇಶವಿಲ್ಲ.

ಈ ಗುಡಿಸಲುಗಳು ಅಗ್ಗವಲ್ಲ. ಊಟ ಸೇರಿ 10,000 ಯೆನ್‌ಗೂ ಮೇಲೆ ಕೊಟ್ಟರೆ ಸಿಗುವುದು ಸಾಲಾಗಿ ಹಾಸಿದ ಇಕ್ಕಟ್ಟಿನ ಹಾಸಿಗೆಗಳಲ್ಲಿ ಒಂದು. ಸ್ನಾನವಿಲ್ಲ. ಶೌಚಾಲಯಕ್ಕೂ 200, 300 ಯೆನ್ ನಾಣ್ಯ ಹಾಕಬೇಕು. ಆದರೂ ಉಳಿತಾಯ ಮಾಡಬೇಕಾದ ಜಾಗ ಇದಲ್ಲ ಎಂಬುದು ನಮ್ಮ ಅಭಿಪ್ರಾಯ. ಹತ್ತುವ ಮುಂಚಿನ ರಾತ್ರಿ, ಇಳಿದ ದಿನದ ರಾತ್ರಿ ಹಾಸ್ಟೆಲ್‌ನಲ್ಲಿ ಕಳೆಯಿರಿ. ನಡುವಿನ ರಾತ್ರಿ ಬೆಟ್ಟದ ಮೇಲಿರಲಿ. ಸೂರ್ಯೋದಯ ಬೇಡ ಎನ್ನುವವರು ಬೆಳಗ್ಗೆ ಹತ್ತಿ ಸಂಜೆ ಇಳಿಯಬಹುದು, ಆದರೆ ಕೊನೆಯ ಬಸ್ಸಿನ ಸಮಯ ತಲೆಯಲ್ಲಿರಬೇಕು.

ಬ್ಯಾಗ್, ಚೆಕ್-ಇನ್, ತಪ್ಪುದಾರಿ

ಗುಡಿಸಲಿನಲ್ಲಿ ಮಲಗುವ ರಾತ್ರಿಗೂ ಹಾಸ್ಟೆಲ್ ಬಾಡಿಗೆ ಕಟ್ಟಬೇಡಿ. ದೊಡ್ಡ ಸೂಟ್‌ಕೇಸ್ ಇಟ್ಟುಕೊಳ್ಳುತ್ತಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಇಲ್ಲವಾದರೆ ರೈಲು ನಿಲ್ದಾಣದ ಲಾಕರ್ ಇದೆ. ಬೆಟ್ಟ ಇಳಿದವರು ಬೆಳಗ್ಗೆ ಹತ್ತು, ಹನ್ನೊಂದಕ್ಕೇ ಊರು ಸೇರುತ್ತಾರೆ, ಚೆಕ್-ಇನ್ ಶುರುವಾಗುವುದು ಮಧ್ಯಾಹ್ನ ಮೂರರ ಮೇಲೆ. ಆ ನಡುವಿನ ಹೊತ್ತಿಗೆ ಬಿಸಿನೀರಿನ ಸಾರ್ವಜನಿಕ ಸ್ನಾನಗೃಹವೇ ಗತಿ. ಕಾಲುನೋವಿಗೆ ಅದಕ್ಕಿಂತ ಒಳ್ಳೆಯ ಮದ್ದೂ ಇಲ್ಲ ಬಿಡಿ. ಚಿಕ್ಕ ಹಾಸ್ಟೆಲ್‌ಗಳ ರಿಸೆಪ್ಷನ್ ರಾತ್ರಿ ಬೇಗ ಮುಚ್ಚುತ್ತದೆ. ಪಾಸ್‌ಪೋರ್ಟ್ ಪ್ರತಿ ತೆಗೆದುಕೊಳ್ಳುತ್ತಾರೆ, ಅದು ಅಲ್ಲಿನ ಕಾನೂನು.

ಹಾಸ್ಟೆಲ್‌ನಲ್ಲಿ ಬ್ಯಾಗ್ ಇಟ್ಟು ಹೋದವರಿಗೆ ಇನ್ನೊಂದು ಎಚ್ಚರಿಕೆ. ಇಳಿಯುವಾಗ ಯೋಶಿದಾ ಮತ್ತು ಸುಬಾಶಿರಿ ದಾರಿಗಳು ಎಂಟನೇ ಸ್ಟೇಷನ್‌ವರೆಗೆ ಒಂದೇ, ಅಲ್ಲಿ ಕವಲೊಡೆಯುತ್ತವೆ. ನಿದ್ದೆಗಣ್ಣಿನಲ್ಲಿ ಮುಂದಿನವರನ್ನು ಹಿಂಬಾಲಿಸಿ ಸುಬಾಶಿರಿ ಕಡೆ ಇಳಿದರೆ ನೀವು ಪಕ್ಕದ ಶಿಜುವೊಕಾ ಪ್ರಾಂತ್ಯದಲ್ಲಿರುತ್ತೀರಿ, ನಿಮ್ಮ ಸೂಟ್‌ಕೇಸ್ ಯಾಮಾನಾಶಿಯಲ್ಲಿ! ಯೋಶಿದಾ ಫಲಕ ಹಳದಿ, ಸುಬಾಶಿರಿಯದು ಕೆಂಪು.

ಸಸ್ಯಾಹಾರಿಗಳ ಪಾಡು

ಮಿಸೊ ಸೂಪ್‌ನಿಂದ ಹಿಡಿದು ನೂಡಲ್ಸ್ ಸಾರಿನವರೆಗೆ ಎಲ್ಲದಕ್ಕೂ ಒಣ ಮೀನಿನ ರಸ ಬೆರೆತಿರುತ್ತದೆ. ಗುಡಿಸಲಿನಲ್ಲಿ ಕೊಡುವ ಕರಿ ರೈಸ್‌ನಲ್ಲೂ ಸಾಮಾನ್ಯವಾಗಿ ಮಾಂಸವಿರುತ್ತದೆ. ಅಡುಗೆಮನೆ ಇರುವ ಹಾಸ್ಟೆಲ್ ಆರಿಸಿಕೊಳ್ಳುವುದು ಜಾಣತನ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಆದರೆ ಕರಿಬೇವಿನಂಥ ಹಸಿ ಸೊಪ್ಪು, ಹಣ್ಣುಗಳನ್ನು ಪ್ರಮಾಣಪತ್ರವಿಲ್ಲದೆ ಜಪಾನಿಗೆ ತರುವಂತಿಲ್ಲ.

ಹಳೆಯ ಕಾಲದ ಹಾಸ್ಟೆಲ್‌ಗಳು

ಫ್ಯೂಜಿಯೋಶಿದಾಕ್ಕೆ ಯಾತ್ರಿಕರನ್ನು ಮಲಗಿಸುವ ಕೆಲಸ ಹೊಸದಲ್ಲ. ಎದೊ ಕಾಲದಲ್ಲಿ ಫ್ಯೂಜಿ ಭಕ್ತರು ತಂಡ ಕಟ್ಟಿಕೊಂಡು ಟೋಕಿಯೋದಿಂದ ಬರುತ್ತಿದ್ದರು. 'ಓಶಿ' ಎಂಬ ಪುರೋಹಿತ ಮನೆತನಗಳು ಅವರಿಗೆ ಊಟ, ವಸತಿ, ಪೂಜೆಯ ಏರ್ಪಾಡು ಮಾಡುತ್ತಿದ್ದವು. ನಮ್ಮ ತೀರ್ಥಕ್ಷೇತ್ರಗಳಲ್ಲಿ ಪುರೋಹಿತರ ಮನೆಯಲ್ಲೇ ಇಳಿದುಕೊಳ್ಳುವ ರೂಢಿಯಿತ್ತಲ್ಲ, ಹಾಗೆ. 1872ರವರೆಗೆ ಮಹಿಳೆಯರಿಗೆ ತುದಿಗೆ ಹೋಗಲು ನಿಷೇಧವಿತ್ತು. ಇಂಥ ಎರಡು ಓಶಿ ಮನೆಗಳು 2013ರಲ್ಲಿ ಫ್ಯೂಜಿಯೊಂದಿಗೇ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಅವುಗಳಲ್ಲಿ ತೊಗಾವಾ ಮನೆಯನ್ನು ಒಳಹೊಕ್ಕು ನೋಡಬಹುದು.

ಈಗಿನ ಹಾಸ್ಟೆಲ್‌ಗಳೂ ಮನೆಗಳ ಮಧ್ಯೆಯೇ ಇವೆ, ರಾತ್ರಿ ಗದ್ದಲ ಬೇಡ. ಕವಾಗುಚಿಕೊದ ಲಾಸನ್ ಅಂಗಡಿ ಎದುರು ಫೋಟೊಗೆ ಮುಗಿಬಿದ್ದ ಪ್ರವಾಸಿಗರ ಕಾಟ ತಾಳದೆ ಊರಿನವರು 2024ರ ಮೇ ತಿಂಗಳಲ್ಲಿ ಕಪ್ಪು ಪರದೆಯನ್ನೇ ಕಟ್ಟಿದ್ದರು.

ಕೊನೆಯದಾಗಿ ದಿನಾಂಕ. ಯೋಶಿದಾ ಮಾರ್ಗ ಸಾಮಾನ್ಯವಾಗಿ ಜುಲೈ 1ರಿಂದ, ಉಳಿದ ಮೂರು ಜುಲೈ 10ರಿಂದ ತೆರೆಯುತ್ತವೆ. ಎಲ್ಲವೂ ಸೆಪ್ಟೆಂಬರ್ 10ಕ್ಕೆ ಮುಚ್ಚುತ್ತವೆ. ಹಾಸ್ಟೆಲ್‌ಗಳು ವರ್ಷವಿಡೀ ತೆರೆದಿರುತ್ತವೆ ಎಂದಮಾತ್ರಕ್ಕೆ ಬೆಟ್ಟವೂ ತೆರೆದಿದೆ ಎಂದುಕೊಳ್ಳಬೇಡಿ. 2025ರ ಏಪ್ರಿಲ್‌ನಲ್ಲಿ, ಋತುವಲ್ಲದ ಕಾಲದಲ್ಲಿ ಹತ್ತಿದ ಚೀನಾದ ವಿದ್ಯಾರ್ಥಿಯೊಬ್ಬನನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಲಾಯಿತು. ನಾಲ್ಕು ದಿನಗಳ ಬಳಿಕ, ಬಿಟ್ಟುಬಂದ ಮೊಬೈಲ್ ಹುಡುಕಲು ಅವನು ಮತ್ತೆ ಹತ್ತಿದ. ಮತ್ತೆ ಅವನನ್ನು ರಕ್ಷಿಸಬೇಕಾಯಿತು.