ಕೆಲಸ ಬಿಟ್ಟವ ಎದುರು ಅಂಗಡಿ ಹಾಕಬಾರದೇ? ನಾನ್ ಕಂಪೀಟ್ ಕರಾರಿನ ಬಗ್ಗೆ ತಿಳಿದಿರಬೇಕಾದದ್ದು

‘ಈ ಸಂಸ್ಥೆಯನ್ನು ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರವನ್ನು ಸ್ವಂತವಾಗಿ ಮಾಡುವುದಿಲ್ಲ, ಇದೇ ವ್ಯಾಪಾರದ ಬೇರೆ ಕಡೆ ಕೆಲಸಕ್ಕೂ ಸೇರುವುದಿಲ್ಲ.’ ಕೆಲಸಕ್ಕೆ ಸೇರುವಾಗ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಹೀಗೊಂದು ಸಾಲು ಇದ್ದರೆ ಅದೇ ನಾನ್ ಕಂಪೀಟ್ ಕರಾರು. ಐಟಿ ಕಂಪೆನಿಗಳಿಗೆ ಮಾತ್ರ ಸೇರಿದ್ದು ಅಂತ ನಾವು ಅಂದುಕೊಂಡಿದ್ದ ಈ ಸಾಲು ಈಗ ಮೊಬೈಲ್ ಅಂಗಡಿ, ಟ್ರಾವೆಲ್ಸ್, ಬಟ್ಟೆ ಮಳಿಗೆಯ ಕಾಗದಕ್ಕೂ ಬಂದಿದೆ. ಹುಡುಗರು ಓದದೆ ಸಹಿ ಹಾಕ್ತಾರೆ. ಧಣಿಗಳು ಕೂಡ ಓದದೆಯೇ ಹಾಕಿಸ್ತಾರೆ, ಅದು ಬೇರೆ ವಿಷಯ.

ನಮ್ಮವರಿಗೆ ಇದು ಸಣ್ಣ ವಿಷಯವಲ್ಲ. ಮಂಗಳೂರಾಗಲಿ, ಮುಂಬೈಯಾಗಲಿ, ದುಬೈಯಾಗಲಿ, ಬ್ಯಾರಿ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ಇನ್ನೊಬ್ಬರ ಗಲ್ಲಾದ ಪಕ್ಕ ನಿಂತು ಕಲಿತು, ಆಮೇಲೆ ಅದೇ ವ್ಯಾಪಾರವನ್ನು ಸ್ವಂತಕ್ಕೆ ಹಾಕಿದವರು. ಆ ಒಂದು ಸಾಲು ನಿಜವಾಗಿಯೂ ಕಟ್ಟಿಹಾಕುವುದಾದರೆ ಅಂಥವರ ದಾರಿಯೇ ಮುಚ್ಚಿದ ಹಾಗೆ.

ಕಾನೂನು ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಚಿಕ್ಕದು. ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು, ಆ ತಡೆಯ ಮಟ್ಟಿಗೆ ಅಸಿಂಧು. ಇದು ಕೇಂದ್ರದ ಕಾಯ್ದೆ, ಹಾಗಾಗಿ ತಲಪಾಡಿಯ ಆಚೆಗೂ ಈಚೆಗೂ ಒಂದೇ. ಇಂಗ್ಲೆಂಡಿನಲ್ಲಿ ‘ತಡೆ ನ್ಯಾಯಸಮ್ಮತವಾಗಿದೆಯೇ’ ಅಂತ ಕೋರ್ಟು ತೂಗಿ ನೋಡುತ್ತದೆ. ನಮ್ಮ ಕಲಮಿನಲ್ಲಿ ಆ ತೂಗುವಿಕೆಗೆ ಜಾಗ ಕೊಟ್ಟಿಲ್ಲ. ಎರಡು ವರ್ಷ ಜಾಸ್ತಿಯಾಯಿತು, ಆರು ತಿಂಗಳಿಗೆ ಇಳಿಸಿ ಬರೆದರೆ ನಿಲ್ಲಬಹುದು ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಈ ಕಲಮಿನ ಮೇಲೆ ಬಂದ ಹಳೆಯ ತೀರ್ಪುಗಳಲ್ಲಿ ಒಂದು ಅಂಗಡಿಕಾರರದ್ದೇ. 1874ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಬಂದ ಮೊಕದ್ದಮೆ. ಒಂದೇ ಪ್ರದೇಶದಲ್ಲಿ ಎದುರಾಳಿಗಳಾಗಿದ್ದ ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳಿದ: ನೀನು ಇಲ್ಲಿ ಅಂಗಡಿ ಮುಚ್ಚು, ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡ 900 ರೂಪಾಯಿ ನಾನು ಕೊಡುತ್ತೇನೆ. ಅವನು ಮುಚ್ಚಿದ. ಹಣ ಬರಲಿಲ್ಲ. ಕೋರ್ಟಿಗೆ ಹೋದರೆ ಅಲ್ಲಿಯೂ ಸಿಗಲಿಲ್ಲ, ಯಾಕೆಂದರೆ ವ್ಯಾಪಾರ ತಡೆಯುವ ಕರಾರೇ ಅಸಿಂಧು. ಒಂದೇ ಪೇಟೆಯ ಮಟ್ಟಿಗಿನ ತಡೆಯಾದರೂ ತಡೆಯೇ ಎಂದಿತು ಕೋರ್ಟು. ಪಾಪ, ಅಂಗಡಿಯೂ ಹೋಯಿತು, ಹಣವೂ ಹೋಯಿತು. ಅಂದಿನಿಂದ ಇಂದಿನವರೆಗೆ ವಕೀಲರು ಇದನ್ನು ಎತ್ತಿ ಹೇಳುತ್ತಾರೆ.

ಕ್ರಿಕೆಟ್ ನೋಡುವವರಿಗೆ ಜಹೀರ್ ಖಾನ್ ಪ್ರಕರಣ ಗೊತ್ತಿರಬೇಕು. 2000ದಲ್ಲಿ ಅವರು ಪರ್ಸೆಪ್ಟ್ ಡಿಮಾರ್ಕ್ ಎಂಬ ಕಂಪೆನಿಯೊಂದಿಗೆ ಮೂರು ವರ್ಷದ ಕರಾರು ಮಾಡಿಕೊಂಡಿದ್ದರು. ಅವಧಿ ಮುಗಿದ ಮೇಲೂ ಬೇರೆಯವರ ಜೊತೆ ಹೋಗುವ ಮೊದಲು ನಮಗೇ ಮೊದಲ ಅವಕಾಶ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. 2006ರಲ್ಲಿ ಸುಪ್ರೀಂ ಕೋರ್ಟು, ಕರಾರು ಮುಗಿದ ಮೇಲೆ ಆ ಷರತ್ತು 27ನೇ ಕಲಮಿಗೆ ವಿರುದ್ಧ, ಅದನ್ನು ಜಾರಿ ಮಾಡಲಾಗದು ಎಂದಿತು.

ಹಾಗಾದರೆ ಸಹಿ ಹಾಕಿದ ಕಾಗದಕ್ಕೆಲ್ಲ ಬೆಲೆಯೇ ಇಲ್ಲವೇ? ಇದೆ. ಎಡವುವುದು ಇಲ್ಲಿಯೇ.

ಕೆಲಸದಲ್ಲಿರುವಾಗ ಒಂದು, ಬಿಟ್ಟ ಮೇಲೆ ಒಂದು

ತಡೆ ಅಸಿಂಧುವಾಗುವುದು ಕೆಲಸ ಮುಗಿದ ಮೇಲಿನದ್ದು. ಕರಾರಿನ ಅವಧಿಯಲ್ಲಿ ಹಾಗಲ್ಲ. 1967ರಲ್ಲಿ ಸೆಂಚುರಿ ಸ್ಪಿನ್ನಿಂಗ್ ಕಂಪೆನಿಯ ಪ್ರಕರಣದಲ್ಲಿ, ಐದು ವರ್ಷಕ್ಕೆ ಒಪ್ಪಿ, ತರಬೇತಿ ಪಡೆದು, ನಡುವೆ ಬಿಟ್ಟು ಎದುರಾಳಿ ಕಂಪೆನಿ ಸೇರಿದ ಉದ್ಯೋಗಿಯನ್ನು ಆ ಐದು ವರ್ಷದ ಉಳಿದ ಅವಧಿಗೆ ತಡೆದದ್ದು ಸರಿ ಎಂದು ಸುಪ್ರೀಂ ಕೋರ್ಟು ಹೇಳಿದೆ. ಬೆಳಿಗ್ಗೆ ಒಬ್ಬರ ಅಂಗಡಿಯಲ್ಲಿ ಸಂಬಳ, ಸಂಜೆ ಅದೇ ಗಿರಾಕಿಗೆ ಸ್ವಂತ ಮಾಲು ಅಂತ ನಡೆಸುವವರಿಗೆ 27ನೇ ಕಲಮು ನೆರವಿಗೆ ಬರುವುದಿಲ್ಲ.

ಗುಟ್ಟಿನ ವಿಷಯವೂ ಬೇರೆಯೇ. ಕಲಿತ ಕೆಲಸ ನಿಮ್ಮದು, ಕೈಯ ಚಾಕಚಕ್ಯತೆ ನಿಮ್ಮದು. ಆದರೆ ಧಣಿಯ ಕಂಪ್ಯೂಟರಿನಿಂದ ಗಿರಾಕಿಗಳ ಪಟ್ಟಿ, ಸಪ್ಲೈಯರ್ ದರಪಟ್ಟಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಅದರ ಮೇಲೆ ಕೋರ್ಟು ತಡೆಯಾಜ್ಞೆ ಕೊಡಬಹುದು. ನಾನೂ ಒಮ್ಮೆ ನನ್ನ ಸೇಲ್ಸ್ ಹುಡುಗನಿಗೆಂದು ನೆಟ್‌ನಿಂದ ಒಂದು ಇಂಗ್ಲಿಷ್ ಕರಾರು ಇಳಿಸಿ, ಛಾಪಾ ಕಾಗದವನ್ನೂ ತಂದಿಟ್ಟಿದ್ದೆ. ಪರಿಚಯದ ವಕೀಲರು ಓದಿ, ‘ಇದರಲ್ಲಿ ಒಂದು ಪ್ಯಾರಾ ನಿಲ್ಲುತ್ತದೆ, ಲೆಕ್ಕ ಮತ್ತು ಪಟ್ಟಿ ಹೊರಗೆ ಕೊಡಬಾರದು ಎಂಬುದು. ಉಳಿದದ್ದು ಶಾಯಿ ದಂಡ’ ಎಂದರು. ಆ ಒಂದು ಪ್ಯಾರಾವನ್ನು ಮಾತ್ರ ಕನ್ನಡದಲ್ಲಿ ಬರೆಸಿದೆ. ಹುಡುಗ ಆಮೇಲೆ ಬಿಟ್ಟು ಸ್ವಂತ ಅಂಗಡಿ ಹಾಕಿದ. ನನಗೆ ಸ್ವಲ್ಪ ನಷ್ಟವಾದದ್ದೂ ಹೌದು.

ಬಾಂಡ್ ಬೇರೆ, ನಾನ್ ಕಂಪೀಟ್ ಬೇರೆ

ಎರಡನ್ನೂ ಒಂದೇ ಅಂದುಕೊಳ್ಳಬಾರದು. ಎಲ್ಲಿಗೂ ಹೋಗು, ಆದರೆ ಇಂತಿಷ್ಟು ವರ್ಷದ ಮೊದಲು ಬಿಟ್ಟರೆ ಇಷ್ಟು ಹಣ ಕಟ್ಟು ಎಂಬುದು ಬಾಂಡ್. ಇದರ ಬಗ್ಗೆ ಹೊಸ ತೀರ್ಪು ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದ್ದು. ಮೂರು ವರ್ಷ ಮುಗಿಯುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತು. ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಆಕ್ಷೇಪದೊಂದಿಗೆ ಹಣ ಕಟ್ಟಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ಇದು ವ್ಯಾಪಾರ ತಡೆಯುವ ಷರತ್ತಲ್ಲ, ನೇಮಕಕ್ಕೆ ಖರ್ಚು ಮಾಡಿದ ಸರಕಾರಿ ಬ್ಯಾಂಕು ಇಷ್ಟು ಕೇಳಬಹುದು ಎಂದಿತು. ಆದರೆ ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ಹಾಗೆಯೇ ಸಿಗುವುದಿಲ್ಲ. 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ. ತರಬೇತಿಯನ್ನೇ ಕೊಡದೆ ಐದು ಲಕ್ಷದ ಬಾಂಡ್ ಬರೆಸಿಕೊಂಡವರಿಗೆ ಈ ತೀರ್ಪು ದೊಡ್ಡ ಆಧಾರವಾಗದು.

ಕೊನೆಯ ಸಂಬಳ ಹಿಡಿದಿಟ್ಟುಕೊಳ್ಳುವುದು ಇನ್ನೊಂದು ಚಾಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಬಿಟ್ಟವನ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಧಣಿಯೇ ತೆಗೆದುಹಾಕಿದರೆ? ಕಾಸರಗೋಡಿನ ಕಡೆಯವರಿಗೆ ಅನ್ವಯಿಸುವ 1960ರ ಕೇರಳ ಅಂಗಡಿ ಕಾಯ್ದೆಯ ಪ್ರಕಾರ, ಆರು ತಿಂಗಳು ಸತತ ಕೆಲಸ ಮಾಡಿದವನನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ ಬೇಕು. ತಪ್ಪು ನಡತೆ ಸಾಬೀತಾದ ಸಂದರ್ಭ ಬೇರೆ.

ಪಾಲುದಾರರು ಎಚ್ಚರ

ನೌಕರನಿಗೆ ಇರುವ ರಕ್ಷಣೆ ಪಾಲುದಾರನಿಗೆ ಇಲ್ಲ. ಬಾವ, ಭಾಮೈದ, ಗೆಳೆಯ ಸೇರಿ ಅಂಗಡಿ ಹಾಕುವ ನಮ್ಮಲ್ಲಿ ಇದನ್ನು ಕೇಳಿಸಿಕೊಳ್ಳುವವರು ಕಡಿಮೆ. 1932ರ ಪಾಲುದಾರಿಕೆ ಕಾಯ್ದೆಯ 36ನೇ ಕಲಮಿನಂತೆ ಹೊರಬಂದ ಪಾಲುದಾರ ಎದುರಾಳಿ ವ್ಯಾಪಾರ ಮಾಡಬಹುದು, ಜಾಹೀರಾತೂ ಕೊಡಬಹುದು. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ ಹಳೆಯ ಫರ್ಮಿನ ಹೆಸರು ಬಳಸುವಂತಿಲ್ಲ, ಅದರ ಹಳೆಯ ಗಿರಾಕಿಗಳನ್ನು ಕರೆಯುವಂತಿಲ್ಲ. ಅಷ್ಟೇ ಅಲ್ಲ, ಇಷ್ಟು ಕಾಲ ಅಥವಾ ಇಷ್ಟು ಪ್ರದೇಶದೊಳಗೆ ಇದೇ ವ್ಯಾಪಾರ ಮಾಡುವುದಿಲ್ಲ ಎಂದು ಪಾಲುದಾರಿಕೆ ಪತ್ರದಲ್ಲಿ ಬರೆದಿದ್ದರೆ, ಅದು ಮಿತಿಮೀರದ ಷರತ್ತಾಗಿದ್ದರೆ, 27ನೇ ಕಲಮು ಇದ್ದರೂ ಅದು ನಿಲ್ಲುತ್ತದೆ. ಹೆಸರು, ಗಿರಾಕಿ ಸಮೇತ ಅಂಗಡಿ ಮಾರಿದವನೂ ಹಾಗೆಯೇ. ಗುಡ್‌ವಿಲ್‌ಗೆ ಹಣ ಎಣಿಸಿಕೊಂಡು ಪಕ್ಕದ ಕಟ್ಟಡದಲ್ಲಿ ಮತ್ತೆ ಬೋರ್ಡು ಹಾಕುವುದಿಲ್ಲ ಎಂದು ಒಪ್ಪಿದ್ದರೆ, ಆ ಮಾತಿಗೆ ಅವನನ್ನು ಕಟ್ಟಿಹಾಕಬಹುದು.

ಗಲ್ಫಿನಲ್ಲಿ ಲೆಕ್ಕವೇ ಬೇರೆ

ಊರಿನಲ್ಲಿ ನಡೆಯುವುದಿಲ್ಲವಲ್ಲ ಅಂತ ದುಬೈಯಲ್ಲಿ ಧೈರ್ಯವಾಗಿ ಸಹಿ ಹಾಕಬೇಡಿ. ಯುಎಇಯ 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ 10ನೇ ವಿಧಿ ನಾನ್ ಕಂಪೀಟ್ ಕರಾರನ್ನು ಒಪ್ಪುತ್ತದೆ. ಕೆಲಸಗಾರನಿಗೆ ಗಿರಾಕಿಗಳ ಪರಿಚಯ ಅಥವಾ ವ್ಯಾಪಾರದ ಗುಟ್ಟು ತಿಳಿಯುವಂಥ ಕೆಲಸ ಆಗಿರಬೇಕು. ಜಾಗ, ಕಾಲ, ಕೆಲಸದ ಬಗೆ ಸ್ಪಷ್ಟವಾಗಿ ಬರೆದಿರಬೇಕು. ಎರಡು ವರ್ಷ ಮೀರಬಾರದು. ಸೌದಿಯ 83ನೇ ವಿಧಿಯಲ್ಲೂ ಮಿತಿ ಎರಡು ವರ್ಷವೇ. ಯುಎಇಯಲ್ಲಿ ಧಣಿ ಕಾನೂನು ಮೀರಿ ಕೆಲಸದಿಂದ ತೆಗೆದರೆ ಷರತ್ತು ಬಿದ್ದುಹೋಗುತ್ತದೆ. ಷರತ್ತು ಮುರಿದದ್ದು ಗೊತ್ತಾಗಿ ಒಂದು ವರ್ಷ ಕಳೆದ ಮೇಲೆ ಅವರ ದಾವೆ ಕೇಳುವುದಿಲ್ಲ. ದುಬೈಯ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ವಲಯಗಳಲ್ಲಿ ಇರುವವರಿಗೆ ಬೇರೆಯೇ ಉದ್ಯೋಗ ಕಾನೂನು ಇದೆ, ಅವರು ತಮ್ಮ ಕರಾರಿನಲ್ಲಿ ಯಾವ ವಲಯದ ಹೆಸರಿದೆ ಎಂದು ಮೊದಲು ನೋಡಬೇಕು. ಹಳೆಯ ಧಣಿಯೇ ಬರಹದಲ್ಲಿ ಒಪ್ಪಿ ಷರತ್ತು ಬಿಟ್ಟುಕೊಡಬಹುದು. ಊರಿಗೆ ವಾಪಸು ಬರುವ ಅಥವಾ ಬೇರೆ ಕಂಪೆನಿಗೆ ಹೋಗುವ ಮೊದಲು ಲೆಕ್ಕ ಚುಕ್ತಾ ಮಾಡುವಾಗ ಆ ಒಂದು ಸಾಲನ್ನೂ ಬರೆಸಿಕೊಳ್ಳಿ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡು ಚೌಕಾಸಿ ಮಾಡಿದರೆ, ಅದೇ ಕಾನೂನಿನ 13ನೇ ವಿಧಿ ಕೆಲಸಗಾರನ ದಾಖಲೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ ಎಂದು ತೋರಿಸಿ.