ಕೋರ್ಟಿಗೆ ಬರದ ಪ್ರಾಸಿಕ್ಯೂಟರ್‌ಗಳು: ಅಮೆರಿಕದ ಕೌಂಟಿ ಕಚೇರಿಯನ್ನು ನಡೆಸುವವರು ಯಾರು?

1980ರಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಥಾಮಸ್ ಗೋಲ್ಡ್‌ಸ್ಟೀನ್ ಎಂಬಾತನಿಗೆ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಯಿತು. ಮುಖ್ಯ ಸಾಕ್ಷಿಗಳಲ್ಲಿ ಒಬ್ಬ ಎಡ್ವರ್ಡ್ ಫಿಂಕ್ ಎಂಬ ಕೈದಿ. "ಜೈಲಿನಲ್ಲಿ ಇವನೇ ನನ್ನ ಹತ್ತಿರ ತಪ್ಪು ಒಪ್ಪಿಕೊಂಡ" ಎನ್ನುವುದು ಅವನ ಹೇಳಿಕೆ. ಹಿಂದಿನ ಕೇಸುಗಳಲ್ಲಿ ಹೀಗೇ ಸಾಕ್ಷಿ ಹೇಳಿ ಫಿಂಕ್ ತನ್ನ ಶಿಕ್ಷೆ ಕಡಿಮೆ ಮಾಡಿಸಿಕೊಂಡಿದ್ದ, ಅದು ಅದೇ ಕಚೇರಿಯ ಕೆಲವು ವಕೀಲರಿಗೆ ಗೊತ್ತಿತ್ತು, ಆದರೆ ಆರೋಪಿಯ ವಕೀಲರಿಗೆ ಯಾರೂ ತಿಳಿಸಲಿಲ್ಲ ಎನ್ನುವುದು ಗೋಲ್ಡ್‌ಸ್ಟೀನ್ ಮುಂದೆ ಮಾಡಿದ ಆರೋಪ. ಆತ ಜೈಲಿಂದ ಹೊರಗೆ ಬಂದದ್ದು 2004ರಲ್ಲಿ, 24 ವರ್ಷಗಳ ನಂತರ.

ಹೊರಬಂದವನು ಕೇಸು ಹಾಕಿದ್ದು ಯಾರ ಮೇಲೆ ಗೊತ್ತಾ? ಕೋರ್ಟಿನಲ್ಲಿ ತನ್ನ ವಿರುದ್ಧ ವಾದಿಸಿದ ವಕೀಲರನ್ನು ಬಿಟ್ಟು, ಕಚೇರಿಯ ಮುಖ್ಯಸ್ಥ ಮತ್ತು ಅವರ ಚೀಫ್ ಡೆಪ್ಯುಟಿ ಮೇಲೆ. ಅವನ ವಾದ ಸರಳ: ಇಂಥ ಸಾಕ್ಷಿಗಳ ಹಿನ್ನೆಲೆ ಎಲ್ಲ ವಕೀಲರಿಗೂ ಸಿಗುವಂಥ ಒಂದು ವ್ಯವಸ್ಥೆಯನ್ನು ನೀವು ಮಾಡಲೇ ಇಲ್ಲ. ನಿಮ್ಮ ಆಡಳಿತದ ತಪ್ಪಿಗೆ ನಾನು ಜೈಲಲ್ಲಿದ್ದೆ.

ಈ ಆಡಳಿತ ಅಂದರೆ ಏನು, ಅದನ್ನು ನಡೆಸುವವರು ಯಾರು ಅನ್ನೋದನ್ನ ನೋಡೋಣ.

ಮೇಲಿರುವವರು ಚುನಾಯಿತರು

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಬಹುತೇಕ ರಾಜ್ಯಗಳಲ್ಲಿ ಅಲ್ಲಿನ ಮುಖ್ಯ ಪ್ರಾಸಿಕ್ಯೂಟರ್ ಅನ್ನು ಜನ ವೋಟು ಹಾಕಿ ಆರಿಸುತ್ತಾರೆ. ಹೆಸರು ಮಾತ್ರ ಊರಿಗೊಂದು: ಲಾಸ್ ಏಂಜಲೀಸ್‌ನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಅಥವಾ ಡಿಎ, ಷಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಸ್ಟೇಟ್ಸ್ ಅಟಾರ್ನಿ. ನ್ಯೂಜೆರ್ಸಿಯಲ್ಲಿ ಚುನಾವಣೆಯಿಲ್ಲ. ಅಲ್ಲಿನ 21 ಕೌಂಟಿಗಳ ಪ್ರಾಸಿಕ್ಯೂಟರ್‌ಗಳನ್ನು ರಾಜ್ಯಪಾಲರು ಸೆನೆಟ್ ಒಪ್ಪಿಗೆ ಪಡೆದು 5 ವರ್ಷಕ್ಕೆ ನೇಮಿಸುತ್ತಾರೆ.

ಲಾಸ್ ಏಂಜಲೀಸ್ ಕೌಂಟಿಯ ಜನಸಂಖ್ಯೆ ಸುಮಾರು 1 ಕೋಟಿ. ಅದರ ಡಿಎ ಕಚೇರಿ ಅಮೆರಿಕದ ಅತಿ ದೊಡ್ಡ ಸ್ಥಳೀಯ ಪ್ರಾಸಿಕ್ಯೂಷನ್ ಕಚೇರಿ. ಇಷ್ಟು ದೊಡ್ಡ ಕಚೇರಿಯಲ್ಲಿ ಡಿಎ ಒಂದೊಂದು ಫೈಲನ್ನೂ ನೋಡುವ ಮಾತೇ ಇಲ್ಲ. ಅವರು ನೀತಿ ಹೇಳುತ್ತಾರೆ, ಉಳಿದದ್ದು ಕೆಳಗಿನವರ ಕೆಲಸ.

ಯಾರ ಕೆಲಸ ಏನು?

*ಚೀಫ್ ಡೆಪ್ಯುಟಿ:* ಕಚೇರಿಯ ನಂಬರ್ ಟೂ. ಕೆಲವೆಡೆ ಫಸ್ಟ್ ಅಸಿಸ್ಟೆಂಟ್ ಅಂತಾರೆ. ಡಿಎ ಹೊರಗೆ ಜನರ ಎದುರು ಇದ್ದರೆ, ಒಳಗೆ ದಿನನಿತ್ಯದ ಆಡಳಿತ ಇವರದು.

*ವಿಭಾಗಗಳ ಮುಖ್ಯಸ್ಥರು:* ಕೊಲೆ, ಲೈಂಗಿಕ ಅಪರಾಧ, ಆರ್ಥಿಕ ವಂಚನೆ, ಬಾಲಾಪರಾಧ ಹೀಗೆ ವಿಭಾಗಗಳಿರುತ್ತವೆ. ಯಾವ ಕೇಸು ಯಾರಿಗೆ, ಯಾವ ಆರೋಪ ಹಾಕಬೇಕು, ಎಲ್ಲಿವರೆಗೆ ರಾಜಿಗೆ ಒಪ್ಪಬಹುದು ಎನ್ನುವುದು ಬಹುಪಾಲು ಇಲ್ಲೇ ತೀರ್ಮಾನ ಆಗುತ್ತೆ. ಅಮೆರಿಕದಲ್ಲಿ ಶಿಕ್ಷೆಯಾಗುವ ಬಹುಪಾಲು ಕೇಸುಗಳು ಪೂರ್ಣ ವಿಚಾರಣೆವರೆಗೆ ಹೋಗುವುದೇ ಇಲ್ಲ. ತಪ್ಪೊಪ್ಪಿಕೊಂಡರೆ ಕಡಿಮೆ ಶಿಕ್ಷೆ ಎಂಬ ಪ್ಲೀ ಬಾರ್ಗೇನ್‌ನಲ್ಲೇ ಮುಗಿಯುತ್ತವೆ. ಹಾಗಾಗಿ ಈ ಕುರ್ಚಿಗಳ ತೂಕ ಹೆಚ್ಚು.

*ತನಿಖಾ ದಳದ ಮುಖ್ಯಸ್ಥ:* ಪೊಲೀಸರನ್ನು ಬಿಟ್ಟು ಕಚೇರಿಗೇ ಸ್ವಂತ ತನಿಖಾಧಿಕಾರಿಗಳಿರುತ್ತಾರೆ. ಅವರ ಮೇಲುಸ್ತುವಾರಿ ಇವರದು.

*ಸಂತ್ರಸ್ತರ ಸೇವಾ ವಿಭಾಗ:* ಸಂತ್ರಸ್ತರಿಗೆ, ಸಾಕ್ಷಿಗಳಿಗೆ ಕೇಸಿನ ಮಾಹಿತಿ, ನೆರವು, ಪರಿಹಾರದ ಅರ್ಜಿ ಇತ್ಯಾದಿ.

*ಆಡಳಿತ ಮತ್ತು ಹಣಕಾಸು:* ಬಜೆಟ್, ನೇಮಕಾತಿ, ಕಂಪ್ಯೂಟರ್ ವ್ಯವಸ್ಥೆ. ಡಿಎ ಚುನಾಯಿತರಾದರೂ ಹಣ ಮಂಜೂರು ಮಾಡುವುದು ಕೌಂಟಿಯ ಆಡಳಿತ ಮಂಡಳಿ. ಲಾಸ್ ಏಂಜಲೀಸ್‌ನಲ್ಲಿ ಅದು 5 ಜನರ ಮಂಡಳಿ.

ಫೈಲಿನಲ್ಲೇ ನ್ಯಾಯ

ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಪ್ರಾಸಿಕ್ಯೂಷನ್ ಬಚ್ಚಿಡುವಂತಿಲ್ಲ ಎಂದು 1963ರ ಬ್ರೇಡಿ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 1972ರ ಜಿಗ್ಲಿಯೋ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಒಬ್ಬ ವಕೀಲ ಸಾಕ್ಷಿಗೆ ಕೊಟ್ಟ ಮಾತು ಇಡೀ ಕಚೇರಿ ಕೊಟ್ಟ ಮಾತು. "ನನಗೆ ಗೊತ್ತಿರಲಿಲ್ಲ" ಎಂದು ಇನ್ನೊಬ್ಬ ವಕೀಲ ಜಾರಿಕೊಳ್ಳುವಂತಿಲ್ಲ.

ಇದನ್ನು ಪಾಲಿಸಬೇಕಾದರೆ ಒಂದು ಕೋಣೆಯಲ್ಲಿರುವ ಮಾಹಿತಿ ಪಕ್ಕದ ಕೋಣೆಗೆ ಹೋಗಲೇಬೇಕು. ಅದಕ್ಕೆ ಬೇಕಿರುವುದು ಒಳ್ಳೆ ರಿಜಿಸ್ಟರು, ತರಬೇತಿ, ಮೇಲ್ವಿಚಾರಣೆ. ಅಂದರೆ ಆಡಳಿತ.

ಹಾಗಾದರೆ ಗೋಲ್ಡ್‌ಸ್ಟೀನ್ ಕೇಸು ಏನಾಯಿತು? 2009ರಲ್ಲಿ ಸುಪ್ರೀಂ ಕೋರ್ಟ್ ಅವಿರೋಧವಾಗಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಸಂಬಳ, ಕಟ್ಟಡದಂಥ ಆಡಳಿತ ಬೇರೆ, ವಿಚಾರಣೆಗೆ ನೇರವಾಗಿ ಅಂಟಿಕೊಂಡ ತರಬೇತಿ, ಮೇಲ್ವಿಚಾರಣೆ, ಮಾಹಿತಿ ವ್ಯವಸ್ಥೆ ಬೇರೆ. ಎರಡನೆಯದರ ಲೋಪಕ್ಕೆ ಮೇಲಧಿಕಾರಿಗಳಿಂದ ವೈಯಕ್ತಿಕವಾಗಿ ಪರಿಹಾರ ಕೇಳುವಂತಿಲ್ಲ, ಅವರಿಗೆ ಪೂರ್ಣ ರಕ್ಷಣೆಯಿದೆ ಎಂದಿತು.

ಅಂದರೆ ಅತಿ ಹೆಚ್ಚು ಪರಿಣಾಮ ಬೀರುವ ಆಡಳಿತಕ್ಕೇ ಅತಿ ಹೆಚ್ಚು ರಕ್ಷಣೆ. ಸುಧಾರಣೆ ಬಂದದ್ದು ಬೇರೆ ದಾರಿಯಿಂದ. ಜೈಲಿನ ಮಾಹಿತಿದಾರನ ಮಾತೊಂದನ್ನೇ ನಂಬಿ ಯಾರಿಗೂ ಶಿಕ್ಷೆ ಕೊಡುವಂತಿಲ್ಲ, ಬೇರೆ ಸಾಕ್ಷ್ಯದ ಬೆಂಬಲ ಬೇಕು ಎಂದು ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿತು.

ಡಿಎ ಬದಲಾದರೆ ಎಲ್ಲ ಬದಲಾಗುತ್ತಾ?

ಪೂರ್ತಿ ಇಲ್ಲ. 2020ರ ಡಿಸೆಂಬರ್‌ನಲ್ಲಿ ಡಿಎ ಆದ ಜಾರ್ಜ್ ಗ್ಯಾಸ್ಕಾನ್ ಮೊದಲ ದಿನವೇ ಆದೇಶ ಹೊರಡಿಸಿದರು: ಮರಣದಂಡನೆ ಕೇಳಬೇಡಿ, ಮಕ್ಕಳನ್ನು ವಯಸ್ಕರ ಕೋರ್ಟಿಗೆ ಕಳಿಸಬೇಡಿ. ಶಿಕ್ಷೆ ಹೆಚ್ಚಿಸುವ ಕಲಮುಗಳ ಕುರಿತ ಆದೇಶವನ್ನು ಅವರದೇ ಕಚೇರಿಯ ವಕೀಲರ ಸಂಘ ಕೋರ್ಟಿಗೆ ಎಳೆಯಿತು, ಭಾಗಶಃ ಗೆದ್ದಿತು. ಆದೇಶ ಕಾನೂನುಬಾಹಿರ ಎಂದು ತಕರಾರು ಎತ್ತಿದ್ದಕ್ಕೆ ತಮ್ಮನ್ನು ಎತ್ತಂಗಡಿ ಮಾಡಿದರು ಎಂದು ಬಾಲಾಪರಾಧ ವಿಭಾಗದ ಮುಖ್ಯಸ್ಥೆಯಾಗಿದ್ದವರು ಕೇಸು ಹಾಕಿದರು. 2023ರಲ್ಲಿ ಜ್ಯೂರಿ ಅವರಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಿಸಿತು. 2024ರಲ್ಲಿ ಗ್ಯಾಸ್ಕಾನ್ ಸೋತರು. ಗೆದ್ದ ನೇಥನ್ ಹಾಕ್‌ಮನ್ ಬಂದ ಕೂಡಲೇ ಆ ಆದೇಶಗಳಲ್ಲಿ ಹಲವನ್ನು ಹಿಂಪಡೆದರು.

ಯಾರ ಪರ ನಿಂತರೂ ಇಲ್ಲಿ ಒಂದು ಪಾಠ ಇದೆ. ಸುಧಾರಣೆಯ ಆದೇಶ ಬರೆಯಲು ಒಂದು ದಿನ ಸಾಕು. ಮಧ್ಯಮ ಹಂತದ ಮುಖ್ಯಸ್ಥರು ಒಪ್ಪದಿದ್ದರೆ ಅದು ನೆಲಕ್ಕಿಳಿಯಲ್ಲ. ಹಾಗಂತ ಆಕ್ಷೇಪ ಎತ್ತಿದವರನ್ನು ಮೂಲೆಗೆ ತಳ್ಳಿದರೆ ಅದೂ ದುಬಾರಿ.

ನಮಗ್ಯಾಕೆ ಇದು?

ನಮ್ಮಲ್ಲೂ ಈಗ ಇಂಥ ಕುರ್ಚಿಗಳು ಬರುತ್ತಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಂ ಪ್ರಕಾರ ರಾಜ್ಯ ಸರ್ಕಾರಗಳು ರಾಜ್ಯಕ್ಕೊಂದು ಪ್ರಾಸಿಕ್ಯೂಷನ್ ನಿರ್ದೇಶನಾಲಯ, ಜಿಲ್ಲೆಗೊಂದು ಜಿಲ್ಲಾ ನಿರ್ದೇಶನಾಲಯ ಸ್ಥಾಪಿಸಬಹುದು. 10 ವರ್ಷ ಅಥವಾ ಹೆಚ್ಚು ಶಿಕ್ಷೆಯ ಕೇಸುಗಳ ಮೇಲೆ ನಿಗಾ ನಿರ್ದೇಶಕರದು. 7 ವರ್ಷದಿಂದ 10 ವರ್ಷದೊಳಗಿನ ಕೇಸುಗಳಲ್ಲಿ ಪೊಲೀಸ್ ವರದಿಯ ಪರಿಶೀಲನೆ ಉಪನಿರ್ದೇಶಕರದು. ಅದಕ್ಕೂ ಕಡಿಮೆಯ ಕೇಸುಗಳ ನಿಗಾ ಸಹಾಯಕ ನಿರ್ದೇಶಕರದು. ನಿರ್ದೇಶಕರು ಇರುವುದು ಗೃಹ ಇಲಾಖೆಯ ಆಡಳಿತ ನಿಯಂತ್ರಣದಲ್ಲಿ. ಪೊಲೀಸರು ಇರುವುದೂ ಅದೇ ಇಲಾಖೆಯಲ್ಲಿ.

ಅಮೆರಿಕದ ಮತದಾರರ ಕೈಯಲ್ಲಿ ಕನಿಷ್ಠ ಒಂದು ವೋಟಾದರೂ ಇದೆ. ಇಲ್ಲಿ ಆ ವೋಟೂ ಇಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳನ್ನು ನಾವೇ ಕೇಳಬೇಕು: ನಮ್ಮ ಜಿಲ್ಲೆಯ ಉಪನಿರ್ದೇಶಕರು ಯಾರು? ಪೊಲೀಸರ ವರದಿಯನ್ನು ಅವರು ನಿಜಕ್ಕೂ ತಿದ್ದಿಸುತ್ತಾರಾ, ಸುಮ್ಮನೆ ಸಹಿ ಹಾಕುತ್ತಾರಾ? ಆರೋಪಿಗೆ ಅನುಕೂಲವಾದ ಕಾಗದ ಅವರ ಟೇಬಲ್ಲಿಗೆ ಬಂದರೆ ಮುಂದೆ ಎಲ್ಲಿಗೆ ಹೋಗುತ್ತೆ?