ಫೋರ್ಡ್ ಫೋಕಸ್ (ಅಮೆರಿಕದ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ)

ಫೋರ್ಡ್ ಫೋಕಸ್ 2000ದಿಂದ 2018ರವರೆಗಿನ ಮಾದರಿ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಾಟವಾದ, ಕೈಗೆಟುಕುವ ಬೆಲೆಯ ಕಾಂಪ್ಯಾಕ್ಟ್ ಕಾರು. ಹೊಸ ಕಾರುಗಳ ಮಳಿಗೆಯಿಂದ ಅದು ಮರೆಯಾಗಿದ್ದರೂ ಹಳೆ ಕಾರುಗಳ ಪೇಟೆಯಲ್ಲಿ ಇಂದಿಗೂ ಧಾರಾಳವಾಗಿ ಸಿಗುತ್ತದೆ, ಹಲವು ವೇಳೆ ಅದೇ ವಯಸ್ಸಿನ ಹೋಂಡಾ ಸಿವಿಕ್ ಅಥವಾ ಟೊಯೊಟಾ ಕರೊಲಾಗಿಂತ ಅಗ್ಗವಾಗಿ. ಈ ಅಗ್ಗಕ್ಕೆ ಕಾರಣ ಕಾರಿನ ಎಲ್ಲ ರೂಪಗಳಲ್ಲೂ ಇಲ್ಲ. 2012ರಿಂದ ಮುಂದಿನ ಕಾರುಗಳಿಗೆ ಬಂದ ಒಂದು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಡೀ ಹೆಸರಿಗೆ ಕಳಂಕ ತಂದಿತು. ಆದ್ದರಿಂದ ಹಳೆಯ ಫೋಕಸ್ ಒಂದರ ಯೋಗ್ಯತೆ ತೀರ್ಮಾನಿಸುವಾಗ ಅದು ಓಡಿದ ಮೈಲಿಗಿಂತ ಅದರ ಮಾದರಿ ವರ್ಷ ಮತ್ತು ಗೇರ್‌ಬಾಕ್ಸ್ ಹೆಚ್ಚು ಮಾತನಾಡುತ್ತವೆ.

ಹಿನ್ನೆಲೆ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವರ್ಗೀಕರಣದಲ್ಲಿ ‘ಕಾಂಪ್ಯಾಕ್ಟ್’ ಎನ್ನುವುದು ಉದ್ದದ ಅಳತೆಯಲ್ಲ, ಒಳಜಾಗದ ಅಳತೆ. ಪ್ರಯಾಣಿಕರ ಜಾಗ ಮತ್ತು ಡಿಕ್ಕಿ ಸೇರಿ 100ರಿಂದ 109.9 ಘನ ಅಡಿ ಇರುವ ಸೆಡಾನ್ ಈ ವರ್ಗಕ್ಕೆ ಸೇರುತ್ತದೆ. ದೊಡ್ಡ ಕಾರುಗಳ ನಾಡಿನಲ್ಲಿ ಈ ವರ್ಗ ಬಹುಕಾಲ ಮಲಮಗುವಿನಂತೆ ಬೆಳೆಯಿತು. 1960ರ ಮಾದರಿ ವರ್ಷದಲ್ಲಿ ಫೋರ್ಡ್ ಫಾಲ್ಕನ್, ಷೆವರ್ಲೆ ಕಾರ್ವೇರ್ ಮತ್ತು ಕ್ರೈಸ್ಲರ್ ಕಂಪನಿಯ ವೇಲಿಯಂಟ್ ಒಟ್ಟಿಗೆ ಬಂದವು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ನಂತರ ಜಪಾನಿನ ಕಾರುಗಳಿಗೆ ಎದುರಾಗಿ ಫೋರ್ಡ್ ಎಸ್ಕಾರ್ಟ್, ಷೆವರ್ಲೆ ಕ್ಯಾವಲಿಯರ್, ಸ್ಯಾಟರ್ನ್ ಎಸ್-ಸರಣಿ, ಡಾಡ್ಜ್ ನಿಯಾನ್ ಕಾರುಗಳು ಸಾಲಾಗಿ ಹೊರಬಂದವು. ಇವುಗಳಲ್ಲಿ ಎಸ್ಕಾರ್ಟ್‌ನ ಉತ್ತರಾಧಿಕಾರಿಯೇ ಫೋಕಸ್.

ಫೋಕಸ್ ಹುಟ್ಟಿದ್ದು ಯೂರೋಪಿನಲ್ಲಿ, 1998ರಲ್ಲಿ. 1999ರ ಯೂರೋಪಿನ ವರ್ಷದ ಕಾರು ಪ್ರಶಸ್ತಿಯನ್ನೂ, ಅಟ್ಲಾಂಟಿಕ್ ದಾಟಿದ ಮೇಲೆ 2000ದ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯನ್ನೂ ಅದು ಪಡೆಯಿತು. ತಿರುವುಗಳಲ್ಲಿ ಅದರ ಹಿಡಿತ, ಸ್ವತಂತ್ರ ಹಿಂಬದಿ ಸಸ್ಪೆನ್ಷನ್‌ನ ನಯ ಆ ಬೆಲೆಯ ಕಾರುಗಳಲ್ಲಿ ಅಪರೂಪವಾಗಿದ್ದವು. ಅಮೆರಿಕದ ಮಾರುಕಟ್ಟೆಯ ಕಾರುಗಳು ಮಿಷಿಗನ್‌ನ ವೇಯ್ನ್‌ನಲ್ಲೂ, ಕೆಲವು ವರ್ಷ ಮೆಕ್ಸಿಕೋದ ಎರ್ಮೊಸಿಯೊದಲ್ಲೂ ತಯಾರಾದವು.

ಪೀಳಿಗೆಗಳು

2000–2007: ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಬಗೆಯ 2.0 ಲೀಟರ್ ಇಂಜಿನ್ ಇದ್ದವು. ಎಸ್ಕಾರ್ಟ್‌ನಿಂದ ಬಂದ ಎಸ್‌ಪಿಐ ಇಂಜಿನ್ 110 ಅಶ್ವಶಕ್ತಿಯದು. ಜೆಟೆಕ್ ಇಂಜಿನ್ 130 ಅಶ್ವಶಕ್ತಿಯದು. ಎಸ್‌ಪಿಐನ ಕುಖ್ಯಾತ ದೋಷವೆಂದರೆ ಸಿಲಿಂಡರ್ ಹೆಡ್‌ನಲ್ಲಿ ಒತ್ತಿ ಕೂರಿಸಿದ ವಾಲ್ವ್ ಸೀಟ್ ಸಡಿಲವಾಗಿ ಕೆಳಗೆ ಬೀಳುವುದು. ಬಿದ್ದ ಚೂರು ಪಿಸ್ಟನ್ನನ್ನು ಜಜ್ಜುವುದರಿಂದ ರಿಪೇರಿಗಿಂತ ಇಂಜಿನ್ ಬದಲಾವಣೆಯೇ ವಾಸಿ ಎಂಬ ಸ್ಥಿತಿ ಬರುತ್ತದೆ. ಇದಕ್ಕೆ ಮುನ್ಸೂಚನೆ ಕಡಿಮೆ. ಹೀಗಾಗಿ ಈ ಇಂಜಿನ್ ಇರುವ ಕಾರನ್ನು ಬಿಡುವುದೇ ಲೇಸು. ಜೆಟೆಕ್ ಗಟ್ಟಿಯಾದದ್ದು. ಆದರೆ ಅದರಲ್ಲಿರುವುದು ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಬೆಲ್ಟ್ ಬದಲಿಸಿದ ರಸೀದಿ ಕೇಳಬೇಕು. ಪ್ಲಾಸ್ಟಿಕ್ ಥರ್ಮೊಸ್ಟಾಟ್ ಹೌಸಿಂಗ್ ಬಿರುಕು ಬಿಟ್ಟು ಕೂಲಂಟ್ ಸೋರುವುದು, ಸ್ಟಿಯರಿಂಗ್ ಬಳಿಯ ಇಗ್ನಿಷನ್ ಲಾಕಿನಲ್ಲಿ ಕೀ ತಿರುಗದೆ ಹೋಗುವುದು, ಬಲಬದಿಯ ಇಂಜಿನ್ ಮೌಂಟ್ ಕುಸಿದು ನಿಂತಲ್ಲೇ ಕಾರು ಅದುರುವುದು ಈ ಪೀಳಿಗೆಯ ಸಾಮಾನ್ಯ ದೂರುಗಳು. ಮೊದಲ ವರ್ಷದ ಕಾರುಗಳಿಗೆ ರಿಕಾಲ್‌ಗಳೂ ಸಾಲುಸಾಲಾಗಿ ಬಂದವು. 2005ರಲ್ಲಿ ಎರಡೂ ಹಳೆಯ ಇಂಜಿನ್‌ಗಳ ಜಾಗಕ್ಕೆ ಟೈಮಿಂಗ್ ಚೈನ್ ಇರುವ ಡ್ಯುರಾಟೆಕ್ ಬಂತು. ಈ ಪೀಳಿಗೆಯಲ್ಲಿ ಅಂದಿನಿಂದ ಮುಂದಿನ ಕಾರುಗಳೇ ಮೇಲು.

2008–2011: ಯೂರೋಪಿಗೆ ಹೊಸ ಫೋಕಸ್ ಬಂದಾಗ ಅಮೆರಿಕಕ್ಕೆ ಅದನ್ನು ತರದೆ, ಹಳೆಯ ಅಡಿಪಾಯದ ಮೇಲೆಯೇ ಹೊಸ ಮೈಕಟ್ಟು ಕೂರಿಸಲಾಯಿತು. ಹ್ಯಾಚ್‌ಬ್ಯಾಕ್ ಮತ್ತು ವ್ಯಾಗನ್ ನಿಂತು ಸೆಡಾನ್, ಕೂಪೆ ಉಳಿದವು. ವಿಮರ್ಶಕರು ಮೆಚ್ಚದ ಈ ರೂಪ ಸೆಕೆಂಡ್ ಹ್ಯಾಂಡ್ ಖರೀದಿಗೆ ಮಾತ್ರ ಹೆಚ್ಚು ಭರವಸೆಯದು. ಚೈನ್ ಇಂಜಿನ್, ಟಾರ್ಕ್ ಕನ್ವರ್ಟರ್ ಇರುವ ಸರಳವಾದ 4 ಗೇರ್‌ಗಳ ಆಟೊಮ್ಯಾಟಿಕ್, ಪಳಗಿದ ಬಿಡಿಭಾಗಗಳು ಇದರ ಬಲ. ಹಿಂಬದಿಯ ಚಕ್ರಗಳ ಅಲೈನ್‌ಮೆಂಟ್ ತಪ್ಪಿ ಟೈರುಗಳು ಅಸಮವಾಗಿ ಸವೆಯುವುದನ್ನು ಮಾತ್ರ ಗಮನಿಸಬೇಕು.

2012–2018: 2008ರ ಇಂಧನ ಬೆಲೆ ಏರಿಕೆ ಮತ್ತು ಆರ್ಥಿಕ ಕುಸಿತದ ನಂತರ ಫೋರ್ಡ್ ತನ್ನ ಸಣ್ಣ ಕಾರನ್ನು ಜಗತ್ತಿಗೆಲ್ಲ ಒಂದೇ ವಿನ್ಯಾಸಕ್ಕೆ ತಂದಿತು. ಎಕ್ಸ್‌ಪೆಡಿಷನ್‌ನಂಥ ಭಾರಿ ವಾಹನ ಕಟ್ಟುತ್ತಿದ್ದ ವೇಯ್ನ್‌ನ ಟ್ರಕ್ ಕಾರ್ಖಾನೆಯನ್ನು 55 ಕೋಟಿ ಡಾಲರ್ ವೆಚ್ಚದಲ್ಲಿ ಫೋಕಸ್‌ಗಾಗಿ ಬದಲಿಸಲಾಯಿತು. 160 ಅಶ್ವಶಕ್ತಿಯ 2.0 ಲೀಟರ್ ನೇರ ಇಂಧನ ಚಿಮ್ಮುವಿಕೆಯ ಇಂಜಿನ್ ಬಂತು. ಎಸ್‌ಎಫ್‌ಇ ಎಂಬ ರೂಪ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 40 ಮೈಲಿ, ಅಂದರೆ ಲೀಟರಿಗೆ ಸುಮಾರು 17 ಕಿ.ಮೀ. ಕೊಡುವುದಾಗಿ ಅಧಿಕೃತ ಅಂಕಿ ಪಡೆಯಿತು. ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಕಾರುಗಳಲ್ಲೂ ಇತ್ತು. ಸುರಕ್ಷತೆ, ಒಳಾಂಗಣ, ಚಾಲನೆ ಮೂರರಲ್ಲೂ ಇದು ಹಿಂದಿನ ಎರಡು ಪೀಳಿಗೆಗಳನ್ನು ಮೀರಿಸಿದ ಕಾರು. 2015ರಿಂದ 123 ಅಶ್ವಶಕ್ತಿಯ, ಮೂರು ಸಿಲಿಂಡರುಗಳ 1.0 ಲೀಟರ್ ಟರ್ಬೊ ಇಂಜಿನ್ನೂ ಸಿಕ್ಕಿತು. 2018ರ ಮೇ ತಿಂಗಳಲ್ಲಿ ವೇಯ್ನ್‌ನಲ್ಲಿ ತಯಾರಿಕೆ ನಿಂತಿತು.

ಡಿಪಿಎಸ್6 ಗೇರ್‌ಬಾಕ್ಸ್

ಮೂರನೆಯ ಪೀಳಿಗೆಯ 2.0 ಲೀಟರ್ ಕಾರಿಗೆ ಎರಡು ಆಯ್ಕೆಗಳಿದ್ದವು: 5 ಗೇರ್‌ಗಳ ಮ್ಯಾನ್ಯುಯಲ್, ಮತ್ತು ‘ಪವರ್‌ಶಿಫ್ಟ್’ ಹೆಸರಿನ 6 ಗೇರ್‌ಗಳ ಆಟೊಮ್ಯಾಟಿಕ್. ಎರಡನೆಯದರ ತಾಂತ್ರಿಕ ಹೆಸರು ಡಿಪಿಎಸ್6. ಫೋರ್ಡ್ ಮತ್ತು ಜರ್ಮನಿಯ ಗೆಟ್ರಾಗ್ ಕೂಡಿ ನಡೆಸುತ್ತಿದ್ದ ಕಂಪನಿಯ ವಿನ್ಯಾಸವಿದು.

ಸಾಧಾರಣ ಆಟೊಮ್ಯಾಟಿಕ್‌ನಲ್ಲಿ ಇಂಜಿನ್ ಮತ್ತು ಗೇರ್‌ಗಳ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆಯ ಹರಿವಿನ ಮೂಲಕ ಬಲ ದಾಟುವುದರಿಂದ ಕಾರು ಮೆಲ್ಲಗೆ ತೆವಳಿದರೂ ಏನೂ ಸವೆಯುವುದಿಲ್ಲ. ಆದರೆ ಒಂದಿಷ್ಟು ಇಂಧನ ವ್ಯರ್ಥವಾಗುತ್ತದೆ. ಡಿಪಿಎಸ್6 ಹೊರಗಿನಿಂದ ಆಟೊಮ್ಯಾಟಿಕ್, ಒಳಗೆ ಎರಡು ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳ ಜೋಡಿ. ಒಂದರೊಳಗೊಂದು ತೂರಿಸಿದ ಎರಡು ಶಾಫ್ಟ್‌ಗಳಿಗೆ ಒಂದೊಂದು ಕ್ಲಚ್. ಒಂದರ ಪಾಲಿಗೆ 1, 3, 5ನೆಯ ಗೇರ್, ಇನ್ನೊಂದರ ಪಾಲಿಗೆ 2, 4, 6. ಒಂದು ಗೇರಿನಲ್ಲಿ ಕಾರು ಓಡುತ್ತಿರುವಾಗ ಮುಂದಿನ ಗೇರ್ ಆಗಲೇ ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ಕ್ಲಚ್ ಒತ್ತುವುದಕ್ಕೂ ಗೇರ್ ಬದಲಿಸುವುದಕ್ಕೂ ಹೈಡ್ರಾಲಿಕ್ ಪಂಪ್ ಇಲ್ಲ. ಆ ಕೆಲಸ ಪುಟ್ಟ ವಿದ್ಯುತ್ ಮೋಟಾರುಗಳದು.

ಇಂಥ ಜೋಡಿ ಕ್ಲಚ್‌ಗಳಲ್ಲಿ ಎರಡು ಜಾತಿ. ಎಣ್ಣೆಯಲ್ಲಿ ಮುಳುಗಿ ತಣ್ಣಗಿರುವುದು ಒಂದು, ಒಣಗಿರುವುದು ಇನ್ನೊಂದು. ಡಿಪಿಎಸ್6ನದು ಒಣ ಜಾತಿ. ಎಣ್ಣೆ ಮತ್ತು ಪಂಪ್ ಇಲ್ಲದ್ದರಿಂದ ತೂಕ ಕಡಿಮೆ, ಇಂಧನ ಉಳಿತಾಯ ಹೆಚ್ಚು. ತೊಡಕು ಇರುವುದೂ ಅಲ್ಲೇ. ಕಾರು ಹೊರಡುವಾಗ, ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುವಾಗ ಕ್ಲಚ್ ಪೂರ್ತಿ ಹಿಡಿಯದೆ ಅರೆ ಜಾರುತ್ತಿರಬೇಕು. ಆಗ ಹುಟ್ಟುವ ಶಾಖವನ್ನು ಹೊತ್ತೊಯ್ಯಲು ಒಣ ಕ್ಲಚ್‌ಗೆ ಎಣ್ಣೆಯ ಆಸರೆಯಿಲ್ಲ. ಮ್ಯಾನ್ಯುಯಲ್ ಕಾರಿನಲ್ಲಿ ಚಾಲಕನ ಎಡಗಾಲು ಅಂದಾಜಿನ ಮೇಲೆ ಮಾಡುವ ನಾಜೂಕಿನ ಕೆಲಸವನ್ನು ಇಲ್ಲಿ ಕಂಪ್ಯೂಟರ್ ಮಾಡಬೇಕು. ಬಿಸಿಯಾಗಿ ಮೆರುಗೇರಿದ ಫಲಕಗಳ ಮೇಲೆ ಅದರ ಲೆಕ್ಕ ತಪ್ಪುತ್ತದೆ.

ಕಾಣಿಸಿಕೊಂಡ ದೋಷಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ನಡುಕ. ಶಾಫ್ಟ್‌ಗಳ ಬಳಿಯ ಸೀಲ್‌ಗಳಿಂದ ಗೇರ್‌ಬಾಕ್ಸ್‌ನ ಎಣ್ಣೆ ಜಿನುಗಿ, ಒಣಗಿರಬೇಕಾದ ಕ್ಲಚ್ ಫಲಕಗಳನ್ನು ಮುಟ್ಟುತ್ತಿತ್ತು. ಆಗ ಮೊದಲ ಮೂರು ಗೇರುಗಳಲ್ಲಿ, ಹಗುರವಾಗಿ ಆಕ್ಸಿಲರೇಟರ್ ಒತ್ತಿದಾಗ, ಕಾರು ಹೊಸ ಚಾಲಕ ಕ್ಲಚ್ ಬಿಟ್ಟಂತೆ ಕುಲುಕುತ್ತದೆ. ಎರಡನೆಯದು ಗೇರ್‌ಬಾಕ್ಸ್‌ನ ಮೇಲೆಯೇ ಕೂರಿಸಿದ ನಿಯಂತ್ರಣ ಘಟಕ, ಅಂದರೆ ಟಿಸಿಎಂ, ಕೆಡುವುದು. ಶಾಖ ಮತ್ತು ಅದುರುವಿಕೆಗೆ ಒಳಗಿನ ಬೆಸುಗೆ ಬಿರುಕು ಬಿಟ್ಟರೆ ಕಾರು ಗೇರ್ ಹಿಡಿಯುವುದಿಲ್ಲ, ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ, ಓಡುತ್ತಿರುವಾಗಲೇ ಬಲ ಕಳೆದುಕೊಳ್ಳುವುದೂ ಉಂಟು. ಮೊದಲನೆಯದು ಕಿರಿಕಿರಿ, ಎರಡನೆಯದು ಅಪಾಯ.

ಕಂಪನಿ ಸಾಫ್ಟ್‌ವೇರ್ ಬದಲಿಸಿತು, ಸೀಲ್ ಮತ್ತು ಕ್ಲಚ್‌ಗಳನ್ನು ಹಲವು ಸಲ ಪರಿಷ್ಕರಿಸಿತು. 2014ರಲ್ಲಿ ನಿರ್ದಿಷ್ಟ ಅವಧಿಯ ಕಾರುಗಳಿಗೆ ಕ್ಲಚ್ ಮತ್ತು ಸೀಲ್‌ಗಳ ವಾರಂಟಿಯನ್ನು 7 ವರ್ಷ ಅಥವಾ 1,00,000 ಮೈಲಿಗೂ, ಟಿಸಿಎಂ ವಾರಂಟಿಯನ್ನು 10 ವರ್ಷ ಅಥವಾ 1,50,000 ಮೈಲಿಗೂ ವಿಸ್ತರಿಸಿತು. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ದಾಖಲಾದ ಸಾಮೂಹಿಕ ದಾವೆ ಸುಮಾರು 20 ಲಕ್ಷ ಫೋಕಸ್ ಮತ್ತು ಫಿಯೆಸ್ಟಾ ಕಾರುಗಳ ಮಾಲೀಕರಿಗೆ ಸಂಬಂಧಿಸಿದ್ದು, 2020ರಲ್ಲಿ ಅಂತಿಮ ಇತ್ಯರ್ಥ ಕಂಡಿತು. ದೋಷದ ಸುಳಿವು ಕಂಪನಿಯೊಳಗೆ ಮೊದಲೇ ಇತ್ತೆಂದು 2019ರಲ್ಲಿ ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆ ಆಂತರಿಕ ದಾಖಲೆಗಳ ಆಧಾರದಲ್ಲಿ ವರದಿ ಮಾಡಿತು. ಇದೇ ಗೇರ್‌ಬಾಕ್ಸ್ ಕುರಿತ ಗ್ರಾಹಕರ ದೂರುಗಳನ್ನು ನಡೆಸಿಕೊಂಡ ರೀತಿಗಾಗಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2018ರಲ್ಲಿ ಫೋರ್ಡ್‌ನ ಅಲ್ಲಿನ ಶಾಖೆಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಕೊಳ್ಳುವವರಿಗೆ ಇದರಲ್ಲಿ ಮುಖ್ಯವಾದ ಅಂಶ ಬೇರೊಂದಿದೆ. ಕ್ಲಚ್ ನಡುಕಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ವಾರಂಟಿ ವಿಸ್ತರಣೆ, ಸುರಕ್ಷತಾ ರಿಕಾಲ್ ಅಲ್ಲ. ಆದ್ದರಿಂದ ‘ಈ ಕಾರಿಗೆ ಬಾಕಿ ರಿಕಾಲ್ ಇಲ್ಲ’ ಎಂಬ ಉತ್ತರ ಗೇರ್‌ಬಾಕ್ಸ್ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ವಿಸ್ತರಿಸಿದ ವಾರಂಟಿಯೂ ಈಗ ಬಹುಪಾಲು ಕಾರುಗಳಿಗೆ ಮುಗಿದಿರುವುದರಿಂದ ರಿಪೇರಿಯ ಹೊರೆ ಹೊಸ ಮಾಲೀಕರದೇ.

ಪರೀಕ್ಷೆ

ಡಿಪಿಎಸ್6 ಇರುವ ಕಾರನ್ನು ತಣ್ಣಗಿದ್ದಾಗ ಐದು ನಿಮಿಷ ಓಡಿಸಿ ನೋಡುವುದರಿಂದ ಏನೂ ತಿಳಿಯದು. ನಡುಕ ಹೆಚ್ಚಾಗಿ ಕಾಣುವುದು ಕ್ಲಚ್ ಕಾದ ಮೇಲೆ. ಕನಿಷ್ಠ ಅರ್ಧ ಗಂಟೆ, ಅದರಲ್ಲೂ ನಿಂತು ಹೊರಡುವ ಟ್ರಾಫಿಕ್‌ನಲ್ಲಿ ಓಡಿಸಬೇಕು. ಗಂಟೆಗೆ 10ರಿಂದ 30 ಕಿ.ಮೀ. ವೇಗದಲ್ಲಿ ಹಗುರ ಪಾದದಿಂದ ಏರಬೇಕು, ಸಣ್ಣ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು, ರಿವರ್ಸ್‌ನಲ್ಲೂ ನೋಡಬೇಕು. ಸ್ಕ್ಯಾನರ್ ಜೋಡಿಸಿದಾಗ ಪಿ0902 ಕೋಡ್ ಅಥವಾ ಟಿಸಿಎಂನೊಂದಿಗೆ ಸಂಪರ್ಕ ಕಡಿದುದನ್ನು ತಿಳಿಸುವ ಕೋಡ್ ಬಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಬಹುದು. ಪರೀಕ್ಷೆಗೆ ಸ್ವಲ್ಪ ಮುಂಚೆ ಕೋಡ್ ಅಳಿಸಿದ್ದರೆ ಹೊಗೆ ನಿಯಂತ್ರಣದ ಸ್ವಯಂ ತಪಾಸಣೆಗಳು ‘ಅಪೂರ್ಣ’ ಎಂದು ತೋರುತ್ತವೆ.

ಮ್ಯಾನ್ಯುಯಲ್ ಕಾರಿಗೆ ಈ ಆತಂಕವಿಲ್ಲ. ಕ್ಲಚ್ ಸವೆತ ನೋಡಿದರೆ ಸಾಕು. 2012ರಿಂದ 2018ರವರೆಗಿನ ಸುಮಾರು 15 ಲಕ್ಷ ಫೋಕಸ್‌ಗಳಿಗೆ 2018ರಲ್ಲಿ ಬಂದ ರಿಕಾಲ್‌ನ ಕೆಲಸ ಆಗಿದೆಯೇ ಎಂಬುದು ಎಲ್ಲ ಗೇರ್‌ಬಾಕ್ಸ್‌ಗಳಿಗೂ ಸಂಬಂಧಿಸಿದ್ದು. ಪೆಟ್ರೋಲ್ ಆವಿಯ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಅದು ಸೊಟ್ಟಗಾಗುತ್ತದೆ. ಇಂಧನದ ಮುಳ್ಳು ಸುಳ್ಳು ಹೇಳುತ್ತದೆ, ಇಂಜಿನ್ ಆರಿಹೋಗುತ್ತದೆ. 2012–15ರ ಕಾರುಗಳ ಬಾಗಿಲ ಲ್ಯಾಚ್‌ಗೂ ರಿಕಾಲ್ ಬಂದಿತ್ತು. 1.0 ಲೀಟರ್ ಇಂಜಿನ್ನಿನ 2016–18ರ ಕಾರುಗಳಿಗೆ ಆಯಿಲ್ ಪಂಪ್ ಬೆಲ್ಟಿನ ಟೆನ್ಷನರ್ ಕುರಿತು 2023ರ ಕೊನೆಯಲ್ಲಿ ರಿಕಾಲ್ ಹೊರಟಿತು.

ದಾಖಲೆಗಳು

ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಗಾಜಿನ ಮೂಲಕ ಕಾಣುವ 17 ಅಕ್ಷರಗಳ ಗುರುತು ಸಂಖ್ಯೆಯೇ ಕಾರಿನ ಜಾತಕ. ಅದರ ಹತ್ತನೆಯ ಅಕ್ಷರ ಮಾದರಿ ವರ್ಷ ಹೇಳುತ್ತದೆ: ‘ಸಿ’ ಎಂದರೆ 2012, ‘ಜಿ’ ಎಂದರೆ 2016. ಈ ಸಂಖ್ಯೆ ಕೊಟ್ಟರೆ ಬಾಕಿ ರಿಕಾಲ್‌ಗಳನ್ನು ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಉಚಿತವಾಗಿ ತಿಳಿಸುತ್ತದೆ. ಕ್ಲಚ್ ಮತ್ತು ಟಿಸಿಎಂ ಬದಲಾದ ವಿವರಕ್ಕೆ ಮಾತ್ರ ಡೀಲರ್‌ನ ಸರ್ವಿಸ್ ದಾಖಲೆಯನ್ನೇ ಕೇಳಬೇಕು.

ಫೆಡರಲ್ ವ್ಯಾಪಾರ ಆಯೋಗದ ನಿಯಮದಂತೆ ಹಳೆ ಕಾರಿನ ಡೀಲರುಗಳು ಕಿಟಕಿಗೆ ‘ಬೈಯರ್ಸ್ ಗೈಡ್’ ಚೀಟಿ ಅಂಟಿಸಬೇಕು. ಅದರಲ್ಲಿ ‘ಆ್ಯಸ್ ಈಸ್’, ಅಂದರೆ ಇದ್ದಂತೆಯೇ, ಎಂದು ಗುರುತು ಹಾಕಿದ್ದರೆ ಮುಂದಿನ ದೋಷಗಳಿಗೆ ಡೀಲರ್ ವಾರಂಟಿ ಇಲ್ಲವೆಂದರ್ಥ. ಕೆಲವು ರಾಜ್ಯಗಳು ಇಂಥ ಮಾರಾಟವನ್ನು ನಿರ್ಬಂಧಿಸಿವೆ. ಓಡಿದ ಮೈಲಿಯನ್ನು ಲಿಖಿತವಾಗಿ ತಿಳಿಸುವ ಹೊಣೆ 2011 ಮತ್ತು ನಂತರದ ಮಾದರಿಗಳಿಗೆ 20 ವರ್ಷ ಇರುತ್ತದೆ. ಅದಕ್ಕಿಂತ ಹಳೆಯವಕ್ಕೆ ಈಗ ಆ ಕಡ್ಡಾಯವಿಲ್ಲ.

ತುಕ್ಕು

ಮಿಷಿಗನ್, ಒಹಾಯೊ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಬಾಳಿದ ಫೋಕಸ್‌ನ ಹಿಂಬದಿ ಚಕ್ರದ ಕಮಾನು, ಬಾಗಿಲ ಕೆಳಗಿನ ಪಟ್ಟಿ ಮತ್ತು ಬ್ರೇಕ್ ಪೈಪುಗಳನ್ನು ಕಾರು ಮೇಲೆತ್ತಿಸಿ ನೋಡಬೇಕು.

ಭಾರತದ ನಂಟು

ಫೋಕಸ್ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲಿಲ್ಲ. ಆದರೆ ಒಣ ಜೋಡಿ ಕ್ಲಚ್‌ನ ಪವರ್‌ಶಿಫ್ಟ್ ಇಲ್ಲಿನ ಫಿಯೆಸ್ಟಾ ಮತ್ತು ಮೊದಲ ಇಕೋಸ್ಪೋರ್ಟ್‌ಗಳಲ್ಲಿ ಇತ್ತು. 2017ರಲ್ಲಿ ಇಕೋಸ್ಪೋರ್ಟ್ ಟಾರ್ಕ್ ಕನ್ವರ್ಟರ್‌ಗೆ ಮರಳಿತು. ಬೆಂಗಳೂರಿನಂಥ ಊರಿನಲ್ಲಿ ಹಳೆಯ ಪವರ್‌ಶಿಫ್ಟ್ ಕಾರು ನೋಡುವವರಿಗೂ ಮೇಲಿನ ಪರೀಕ್ಷೆಯೇ ಅನ್ವಯಿಸುತ್ತದೆ.

ಮೌಲ್ಯಮಾಪನ

ಕೊಳ್ಳಲು ಯೋಗ್ಯವಾದವುಗಳಲ್ಲಿ ಮೊದಲ ಸ್ಥಾನ 2012–18ರ ಮ್ಯಾನ್ಯುಯಲ್ ಕಾರುಗಳಿಗೆ ಸಲ್ಲುತ್ತದೆ. ಆಟೊಮ್ಯಾಟಿಕ್‌ನ ಅಪಖ್ಯಾತಿ ಅವುಗಳ ಬೆಲೆಯನ್ನೂ ಇಳಿಸಿರುವುದು ಕೊಳ್ಳುವವರ ಅದೃಷ್ಟ. ಆಟೊಮ್ಯಾಟಿಕ್ಕೇ ಬೇಕೆನ್ನುವವರಿಗೆ 2008–11ರ ಕಾರು ಹೆಚ್ಚು ನಿರಾತಂಕ, ಹಳತು ಮತ್ತು ಸಪ್ಪೆ ಎನಿಸಿದರೂ. ಡಿಪಿಎಸ್6 ಇರುವ 2012–16ರ ಕಾರನ್ನು ಪರಿಷ್ಕೃತ ಕ್ಲಚ್ ಮತ್ತು ಹೊಸ ಟಿಸಿಎಂ ಹಾಕಿದ ದಾಖಲೆ ಕೈಯಲ್ಲಿದ್ದರೆ ಮಾತ್ರ, ಅದೂ ಇನ್ನೊಂದು ಕ್ಲಚ್‌ನ ಖರ್ಚನ್ನು ಬೆಲೆಯಿಂದ ಕಳೆದ ಮೇಲೆ, ಪರಿಗಣಿಸಬಹುದು. 2017–18ರ ಡಿಪಿಎಸ್6 ಕಾರುಗಳು ಪರಿಷ್ಕೃತ ಭಾಗಗಳೊಂದಿಗೇ ಬಂದವಾದರೂ ಮೂಲ ವಿನ್ಯಾಸ ಅದೇ ಆದ್ದರಿಂದ ಅವಕ್ಕೂ ಅದೇ ಅರ್ಧ ಗಂಟೆಯ ಪರೀಕ್ಷೆ ತಪ್ಪದು. 2004ರವರೆಗಿನ ಎಸ್‌ಪಿಐ ಇಂಜಿನ್ನಿನ ಕಾರು ಯಾವ ಬೆಲೆಗೂ ಲಾಭದ್ದಲ್ಲ.